ಮೊದಲ ಗುಟುಕು

ಅಕ್ಟೋಬರ್ 11, ಬೆಳಿಗ್ಗೆ

ನಾನು ಪೆರ್ಪೆತು. ಹದಿನಾಲ್ಕನೇ ಬ್ಲಾಕಿನ ಹಿರಿಯಳು. ಬುರುಂಡಿಯಿಂದ ಓಡಿ ಬಂದು ತಾಂಜಾನಿಯಾದ ಈ ಕ್ಯಾಂಪಿನಲ್ಲಿ ಮೂರು ವರ್ಷ. ಇನ್ನೂರ ಹತ್ತು ಮನೆಗಳ ನೀರಿನ ಜಗಳವೂ ನನ್ನ ಮುಂದೆಯೇ ತೀರಬೇಕು. ನಾನು ಎದ್ದರೆ ಬ್ಲಾಕ್ ಏಳುತ್ತದೆ. ಅಧಿಕಾರಿಗಳಿಗೂ ಅದು ಗೊತ್ತು.

ಅದಕ್ಕೇ ನಾಳೆ ನನ್ನನ್ನು ಊರಿಗೆ ಕರೆದೊಯ್ಯುತ್ತಾರೆ. ನೋಡಿ ಬಂದು ಹೇಳಬೇಕು — ಶಾಂತವಾಗಿದೆ, ಹೋಗೋಣ ಎಂದು. ವಾಪಸಾತಿ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಆಮೇಲೆ ಮಗ ವೆನಾಂತ, ಸೊಸೆ ಲಿಬೆರತ. ಉಳಿದವರು ನನ್ನ ಮಾತಿಗೆ ಕಾದಿದ್ದಾರೆ.

ಲಿಬೆರತ ಈಗಷ್ಟೇ ನೆರೆಯ ಮತಿಯಾಸನಿಗೆ ಜೋಳದ ಬೀರು ಕೊಟ್ಟಳು. ತಾನು ಗುಟುಕು ಹಾಕದೆ, ನೇರ ಅವನ ಕೈಗೆ.

"ವಿಷ ಇಟ್ಟು ಕೊಡ್ತಿದೀಯೇನೇ? ಮೊದಲ ಗುಟುಕು ಯಾರದ್ದು?"

"ಮನೆಯವರದ್ದು ಅತ್ತೆ. ಮರೆತೆ."

"ಉಸಿರಾಡೋದು ಮರೀತೀಯಾ?"

ಮತಿಯಾಸ್ ನಕ್ಕ. "ಬಿಡಿ ಅಕ್ಕ. ವಿಷ ಇದ್ರೂ ಕುಡೀತೀನಿ, ಅಷ್ಟು ಬಾಯಾರಿದೆ."

ಅಕ್ಟೋಬರ್ 15

ಬಂದೆ. ಸೊಂಟ ಹಿಡಿದುಕೊಂಡಿದೆ.

ರಸ್ತೆ ಚೆನ್ನಾಗಿದೆ. ವಾಪಸಾದವರ ಮನೆಗಳಿಗೆಲ್ಲ ಹೊಸ ತಗಡು. ನಿನ್ನೆ ಭಾನುವಾರ ಸ್ಕೊಲಾಸ್ತಿಕಳ ಮನೆ ತೋರಿಸಿದರು. ನನ್ನ ಚಿಕ್ಕಮ್ಮನ ಮಗಳು, ಮಾರ್ಚಿನ ಬಸ್ಸಿನಲ್ಲಿ ಹೋದವಳು. ಕನ್ನಡಕದ ಅಧಿಕಾರಿಯೊಬ್ಬ ನಮ್ಮ ಪಕ್ಕ ಬಿಟ್ಟು ಕದಲಲಿಲ್ಲ.

"ಹೇಗಿದೀಯೇ?"

"ಚೆನ್ನಾಗಿದೀನಿ ಅಕ್ಕ. ಬನ್ನಿ, ಎಲ್ಲರೂ ಬನ್ನಿ."

"ಗಂಡುಮಕ್ಕಳೆಲ್ಲಿ?"

"ಹೊಲಕ್ಕೆ ಹೋಗಿದಾರೆ."

ಸೋರೆ ಬುರುಡೆಯಲ್ಲಿ ಬೀರು ತಂದಳು. ಗುಟುಕು ಹಾಕಲಿಲ್ಲ — ನೇರ ನನ್ನ ಕೈಗೆ. ಪರರ ಎದುರು ನನಗೆ ಈ ಅವಮಾನ. ಕುಡಿಯದೆ ಕೆಳಗಿಟ್ಟೆ.

"ಮುದುಕಿಗೆ ಮರೆವು," ಎಂದು ಕನ್ನಡಕದವನು ನಕ್ಕ. ನಾನೂ ನಕ್ಕೆ.

ಒಬ್ಬಳೇ ಅಜ್ಜಿಯ ಹತ್ತಿರ ಕಲಿತವರು ನಾವಿಬ್ಬರೂ. ಏಳು ತಿಂಗಳಿಗೇ ಮರ್ಯಾದೆ ಬಿಟ್ಟಳೇ?

ಮಿಕ್ಕದ್ದೆಲ್ಲ ಸರಿ. ಗುರುವಾರದ ಸಭೆಯಲ್ಲಿ ಹಾಗೇ ಹೇಳುವೆ.

ಅಕ್ಟೋಬರ್ 16, ಮಧ್ಯಾಹ್ನ

ನೀರಿನ ಸಾಲಿನಲ್ಲಿ ನಿಂತಾಗ ಹೊಳೆಯಿತು. ಕೊಡ ಅಲ್ಲೇ ಬಿಟ್ಟು ಬಂದೆ.

ಭಾನುವಾರ. ಸ್ಕೊಲಾಸ್ತಿಕಳ ಮನೆಯಲ್ಲಿ ಭಾನುವಾರ ಗುದ್ದಲಿ ಮುಟ್ಟುವವರಿಲ್ಲ. ಹಗ್ಗದ ಮೇಲೆ ಬರೀ ಹೆಂಗಸರ ಬಟ್ಟೆ, ಗಂಡಸರ ಅಂಗಿ ಒಂದೂ ಇಲ್ಲ. ಮಳೆ ಹಿಡಿದು ಮೂರು ವಾರವಾದರೂ ಆ ಇಡೀ ಗುಡ್ಡದಲ್ಲಿ ಹೊಸ ಬಾಳೆಕಂದು ಒಂದೂ ನೆಟ್ಟಿಲ್ಲ. ಮೂರು ತಿಂಗಳಿಗೆ ಕೀಳುವ ಬೀನ್ಸ್ ಮಾತ್ರ. ಮುಂದಿನ ವರ್ಷ ಅಲ್ಲಿರುತ್ತೇವೆಂದು ಯಾರೂ ನಂಬಿಲ್ಲ.

ಸ್ಕೊಲಾಸ್ತಿಕ ಗುಟುಕು ಮರೆತಿರಲಿಲ್ಲ. ಆ ಕನ್ನಡಕದವನ ಕಣ್ಣೆದುರೇ ನನಗೆ ಹೇಳಿದಳು: ಇಲ್ಲಿ ಏನನ್ನೂ ನಂಬಬೇಡ. ನಾನು ಅವನ ಜೊತೆ ಸೇರಿ ಅವಳನ್ನು ನೋಡಿ ನಕ್ಕೆ...

ವೆನಾಂತ ಸಿಳ್ಳೆ ಹಾಕುತ್ತಾ ಗಂಟು ಕಟ್ಟುತ್ತಿದ್ದಾನೆ. ಉಳಿದಿರುವ ಒಬ್ಬನೇ ಮಗ.

ಅಕ್ಟೋಬರ್ 17

ನೆರವು ಸಂಸ್ಥೆಯ ನೀಲಿ ಜಾಕೆಟ್ಟಿನ ಹುಡುಗಿ ಬಂದಿದ್ದಳು. ಪರದೆ ಎಳೆದು ಒಬ್ಬೊಬ್ಬರನ್ನೇ ಕೇಳುವುದು ಅವಳ ಕೆಲಸ — ನಿಮ್ಮ ಇಷ್ಟದಿಂದಲೇ ಹೋಗುತ್ತಿದ್ದೀರಾ? ಎಲ್ಲ ಹೇಳಿದೆ.

"ನಿಮ್ಮವರು ಸ್ಕೊಲಾಸ್ತಿಕಳ ಮನೆಗೆ ಹೋಗಿ ನೋಡ್ಲಿ. ಹೇಳದೆ ಕೇಳದೆ."

"ಅನುಮತಿ ಇಲ್ದೆ ನಮ್ಮನ್ನ ಆ ಗುಡ್ಡ ಹತ್ತೋಕೆ ಬಿಡಲ್ಲ ಅಮ್ಮ. ನಾನು ವರದಿ ಬರೀತೀನಿ. ನೀವು ನಾಳೆ ಸಭೇಲಿ ಹೇಳ್ಬಿಡಿ."

"ಹೇಳಿದ್ರೆ ಸಂಜೆಯೊಳಗೆ ಅಲ್ಲಿಗೆ ಮುಟ್ಟತ್ತೆ. ಅವಳ ಗತಿ?"

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.

ಹೇಳಿದರೆ ಸ್ಕೊಲಾಸ್ತಿಕ. ಹೇಳದಿದ್ದರೆ ವೆನಾಂತ, ಮತ್ತೆ ಇನ್ನೂರ ಹತ್ತು ಮನೆಯ ಗಂಡುಮಕ್ಕಳು.

ಅಕ್ಟೋಬರ್ 18, ಸಂಜೆ ಐದು

ಸಭೆಯಲ್ಲಿ ಕುರ್ಚಿಗಳ ಮೇಲೆ ಕ್ಯಾಂಪಿನ ಅಧಿಕಾರಿ, ನಮ್ಮ ದೇಶದಿಂದ ಬಂದ ಇನ್ನಿಬ್ಬರು. ಕನ್ನಡಕದವನು ಬಂದಿರಲಿಲ್ಲ. ಮೈಕ್ ಕೊಟ್ಟರು. ಹೇಳಿದೆ — ರಸ್ತೆ ಚೆನ್ನಾಗಿದೆ, ತಗಡು ಹೊಸದು, ಸ್ಕೊಲಾಸ್ತಿಕ ತಾನೇ ಮೊದಲ ಗುಟುಕು ಹಾಕಿ ಮರ್ಯಾದೆಯಿಂದ ಬೀರು ಕೊಟ್ಟಳು. ಚಪ್ಪಾಳೆ.

ಆಮೇಲೆ ನಮ್ಮ ಬುರುಡೆ ತರಿಸಿದೆ. ತುಂಬಿದೆ. ತುಟಿಗೆ ಮುಟ್ಟಿಸದೆ ಮತಿಯಾಸನ ಕೈಗಿಟ್ಟೆ.

ಬುರುಡೆ ನೋಡಿದ. ನನ್ನನ್ನು ನೋಡಿದ. ತಮಾಷೆ ಮಾಡಲಿಲ್ಲ, ಕುಡಿಯಲೂ ಇಲ್ಲ. ಪಕ್ಕದವಳಿಗೆ ದಾಟಿಸಿದ. ಅವಳೂ ಕುಡಿಯಲಿಲ್ಲ. ಸಾಲಿನ ಕೊನೆಯವರೆಗೆ ಹೋಗಿ ಬಂದ ಬುರುಡೆ ತುಂಬಿದ ಹಾಗೇ ಇತ್ತು.

"ಅಜ್ಜಿಗೆ ಮರೆವು," ಎಂದ ಬಂದವರಲ್ಲೊಬ್ಬ. ಅವನಿಗೂ ಇದನ್ನು ಕಲಿಸಿದ ಒಬ್ಬ ಅಜ್ಜಿ ಇದ್ದಿರಬೇಕು — ನಗಲಿಲ್ಲ.

"ಹೌದಪ್ಪ, ವಯಸ್ಸಾಯ್ತು," ಎಂದೆ. ಇಡೀ ಬ್ಲಾಕಿನ ಎದುರು.

ವಾಪಸಾತಿಗೆ ಸಹಿ ಹಾಕುವ ಮೇಜಿಗೆ ಯಾರೂ ಹೋಗಲಿಲ್ಲ. ನಾನೊಬ್ಬಳೇ ಹೋದೆ. ವೆನಾಂತ ಹಿಂದೆ ಬಂದು ನಿಂತ. ಪಟ್ಟಿ ತಿರುಗಿಸಿಕೊಂಡು ಮೊದಲ ಮೂರು ಹೆಸರುಗಳ ಮೇಲೆ ಗೆರೆ ಎಳೆದೆ. ಪೆನ್ನು ವಾಪಸ್ ಕೊಟ್ಟೆ.