ನಿನ್ನ ಎಡಗಡೆ ಕೂತಿದ್ದವಳು

ಅಪ್ಪಾ,

ಮೊನ್ನೆ ಚಳ್ಳಕೆರೆ ಸಂತೆಯಲ್ಲಿ ಈರುಳ್ಳಿ ಆರಿಸುತ್ತಾ ನಿಂತಿದ್ದೆ. ಅಲ್ಲಿನ ಗಲಾಟೆ ನಿನಗೇನು ಹೊಸದೇ? ಆಟೋದವರ ಹಾರ್ನು, ಮೈಕಿನಲ್ಲಿ ಕಡ್ಲೆಕಾಯಿ ಎಣ್ಣೆಯ ಜಾಹೀರಾತು, "ಬೀಸ್ ರೂಪಾಯ್, ಬೀಸ್ ರೂಪಾಯ್" ಅನ್ನುವ ಕೂಗು. ಅದರ ನಡುವೆ ಎಲ್ಲೋ ಒಂದು ಮಗು "ಅವ್ವಾ" ಅಂತ ಅತ್ತಿತು ನೋಡು, ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಿರುಗಿದೆವು. ನನ್ನ ಮಕ್ಕಳಿಗೆ ಮೀಸೆ ಬಂದು ವರ್ಷಗಳಾದವು. ಆದರೂ ನನ್ನ ಕತ್ತು ನನ್ನನ್ನು ಒಂದು ಮಾತೂ ಕೇಳದೆ ತಿರುಗಿಬಿಟ್ಟಿತ್ತು. ಆ ಮಗುವಿಗೆ ತಾಯಿ ಸಿಕ್ಕಳು, ಬಿಡು. ನಾನು ಮಾತ್ರ ಕೈಯಲ್ಲಿ ಈರುಳ್ಳಿ ಹಿಡಿದು ನಿನ್ನನ್ನೇ ನೆನೆಯುತ್ತಾ ನಿಂತೆ. ನಿನಗೆ ಒಂದು ಸುದ್ದಿ ಹೇಳುವುದು ಬಾಕಿ ಇದೆ. ಹೇಳಕೂಡದು ಅಂತ ಅವ್ವ ನನ್ನ ಬಾಯಿ ಕಟ್ಟಿಹಾಕಿದ್ದಳು.

ನೀವಿಬ್ಬರೂ ಮಗ್ಗಕ್ಕೆ ಕೂರುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಮೊಳಕಾಲ್ಮುರಿನ ಆ ನಡುಮನೆ, ನೀನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಮಧ್ಯಕ್ಕೆ, ಅವ್ವ ನಿನ್ನ ಎಡಕ್ಕೆ. ಸೀರೆಯ ಒಡಲು ನೀನು ನೇಯುತ್ತಿದ್ದೆ, ಎಡ ಅಂಚಿನ ಲಾಳಿ ಅವಳು ಎಸೆಯುತ್ತಿದ್ದಳು. ಮದುವೆಯಾದ ವರ್ಷದಿಂದ ಅವಳ ಜಾಗ ಅದೇ. ಅಂಥವಳ ಬಗ್ಗೆ ಅವಳ ಅಣ್ಣನ ಎದುರಿಗೇ ನೀನು ಏನಂದೆ? "ಇವ್ಳ ಕಣ್ಣು ಮಂಜಾಗೈತೆ ಕಣಪ್ಪ, ಅಂಚೆಲ್ಲ ಸೊಟ್ಟ" ಅಂತ! ಸಾಲದ್ದಕ್ಕೆ ನಕ್ಕೆ ಬೇರೆ. ಅವ್ವ ಮಾತು ಬಿಟ್ಟಳು, ಸೀರೆ ಮಡಿಚಿಕೊಂಡು ಅಣ್ಣನ ಜೊತೆಗೇ ತವರಿಗೆ, ರಾಯದುರ್ಗದ ಬಸ್ಸು ಹತ್ತಿದಳು. ನೀನೂ ತಡೆಯಲಿಲ್ಲ. ಇಬ್ಬರೂ ಇಬ್ಬರೇ, ಬಿಡು.

ನಿನಗೆ ಸ್ಟ್ರೋಕ್ ಆದದ್ದು ಅದೇ ವಾರ. ಎಡಗೈ, ಎಡಗಾಲು ಬಿದ್ದುಹೋದವು. ಸುದ್ದಿ ಮುಟ್ಟಿದ ಸಂಜೆಯೇ ಅವ್ವ ಓಡಿ ಬಂದಳು. ನೀನು ಆಸ್ಪತ್ರೆಯ ಮಂಚದ ಮೇಲೆ ನಿದ್ದೆಯಲ್ಲಿದ್ದೆ. ಅವಳು ಸ್ಟೂಲು ಎಳೆದುಕೊಂಡು ಎಲ್ಲಿ ಕೂರಬೇಕು ಅಂತ ಯೋಚಿಸಲೂ ಇಲ್ಲ, ಎಡಕ್ಕೇ ಕೂತಳು. ಬೆಳಿಗ್ಗೆ ಎದ್ದವನು ನನ್ನ ಮುಖ ನೋಡಿ ಕೇಳಿದೆ: "ನಿಮ್ಮವ್ವ ಬರ್ಲಿಲ್ವೇನೇ?"

ಅವ್ವ ನಿನ್ನಿಂದ ಒಂದು ಮೊಳ ದೂರದಲ್ಲಿದ್ದಳು. "ಇಲ್ಲೇ ಇದೀನಲ್ರೀ" ಅಂದಳು, ಮೆತ್ತಗೆ. ನೀನು ಬಲಕ್ಕೆ, ಬಾಗಿಲ ಕಡೆ ಕಣ್ಣು ಹಾಯಿಸಿದೆ. "ಅವ್ಳ ದನಿ ಕೇಳ್ದಂಗಾತು. ಹೊರಗೆ ನಿಂತಾಳಾ?" ಅಂದೆ. ಅವ್ವನ ಮುಖ ಬಾಡಿಹೋಯಿತು. "ನೋಡ್ದೇನೇ? ಇನ್ನೂ ಸಿಟ್ಟು ಇಳಿದಿಲ್ಲ ನಿಮ್ಮಪ್ಪಂಗೆ" ಅಂದಳು.

ಆಮೇಲೆ ತಟ್ಟೆಯ ಕಥೆ ಶುರುವಾಯಿತು. ಮುದ್ದೆಯ ಬಲಭಾಗ ಮಾತ್ರ ಉಂಡು, "ಅಷ್ಟೇನಾ ಹಾಕಿದ್ದು?" ಅಂತ ನನ್ನ ಮೇಲೆ ರೇಗುತ್ತಿದ್ದೆ. ನಾನು ತಟ್ಟೆ ತಿರುಗಿಸಿದರೆ ಉಳಿದರ್ಧ ಕಂಡು, "ಹಾಂ, ಈಗ ಹಾಕಿದ್ಯಾ" ಅಂತ ಖುಷಿಪಡುತ್ತಿದ್ದೆ. ನಗಬೇಕೋ ಅಳಬೇಕೋ... ಡಾಕ್ಟರಮ್ಮ ನಿನ್ನ ಕಣ್ಣು ಪರೀಕ್ಷಿಸಿ, "ಕಣ್ಣು ಸರಿಯಾಗಿವೆ. ಮಿದುಳಿನ ಬಲಗಡೆ ಪೆಟ್ಟಾಗಿದೆ, ಅದಕ್ಕೇ ಗಮನ ಎಡಕ್ಕೆ ಹೋಗುತ್ತಿಲ್ಲ. ಎಡಗಡೆ ಕತ್ತಲಾಗಿದೆ ಅಂತ ಅಲ್ಲ, ಅವರ ಪಾಲಿಗೆ ಎಡ ಅನ್ನುವುದೇ ಇಲ್ಲ" ಅಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅರ್ಧ ಜಗತ್ತು ಮಾಯವಾದರೂ ಮನುಷ್ಯನಿಗೆ ಏನೂ ಕಡಿಮೆಯಾದಂತೆ ಅನಿಸುವುದಿಲ್ಲವಂತೆ. ಹೇಗಪ್ಪಾ ಇದು?

ಬಲಕ್ಕೆ ಬಂದು ಕೂರು ಅಂತ ಅವ್ವನಿಗೆ ಎಷ್ಟು ಬೇಡಿಕೊಂಡೆ! "ನಾನ್ಯಾಕೆ ಎದ್ದು ಹೋಗ್ಲಿ? ನನ್ನ ಜಾಗ ಇದೇ. ಬೇಕಾದ್ರೆ ಅವ್ರೇ ತಿರುಗಿ ನೋಡ್ಲಿ" ಅಂದಳು. ಹಟ ಅಂದುಕೊಂಡೆ. ಹಟವಲ್ಲ ಅಪ್ಪ, ಭಯ. ಡಾಕ್ಟರು ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಲ್ಲ. ಬಲಕ್ಕೆ ಹೋಗಿ ಕೂತಮೇಲೂ ನೀನು ನೋಡದೇ ಹೋದರೆ? ಆಮೇಲೆ ಅವಳಿಗೆ ಏನು ಉಳಿಯುತ್ತಿತ್ತು?

ಮನೆಗೆ ಕರೆತಂದ ಮೇಲೂ ಅದೇ ನಡೆಯಿತು. ನೀನು ಕೇಳುವುದು, ಅವಳು ಮೆತ್ತಗೆ ಓಗೊಡುವುದು, ನೀನು ಬಾಗಿಲ ಕಡೆ ನೋಡುವುದು. "ಇಲ್ಲೇ ಇದಾಳಪ್ಪ" ಅಂತ ನಾನಂದರೆ, "ಸಮಾಧಾನಕ್ಕೆ ಹೇಳ್ತೀಯ ಬಿಡು" ಅಂತ ತಳ್ಳಿಹಾಕುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ನಿನ್ನ ಕಣ್ಣು ತುಂಬಿ ಬಂತು. "ಅವ್ಳು ಬರಲ್ಲ ಬಿಡವ್ವ. ಮಗ್ಗ ಕಿತ್ತು ಯಾರಿಗಾದ್ರೂ ಕೊಟ್ಬಿಡು. ಇನ್ಯಾರಿಗೆ ಬೇಕು?" ಅಂದೆ.

ಅವ್ವನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುವುದಿಲ್ಲ, ತವರಿನ ತೆಲುಗೇ ಆಗಬೇಕು. ನೀನು ಜೀವಮಾನವಿಡೀ ಅದನ್ನೇ ಆಡಿಕೊಂಡು ನಕ್ಕವನು. ಸ್ಟೂಲಿನಿಂದ ಎದ್ದು ನಿಂತು ಗುಡುಗಿದಳು: "ಎವರಯ್ಯಾ ಮಗ್ಗಂ ಇಚ್ಚೇದಿ? ನೇನು ಈಡನೇ ಉಂಡಾ ಗದಾ!"

ಮಗ್ಗ ಕೊಡೋಕೆ ನೀನ್ಯಾರು, ನಾನು ಇಲ್ಲೇ ಇದ್ದೀನಲ್ಲ ಅಂತ. ನಿನ್ನ ಕತ್ತು ಅಲುಗಿತು. ಬಾಗಿಲಿನಿಂದ ಹೊರಟ ಕಣ್ಣು ನನ್ನನ್ನು ದಾಟಿತು, ಗೋಡೆಯ ಕ್ಯಾಲೆಂಡರು ದಾಟಿತು, ಅಷ್ಟು ದಿನ ನಿನ್ನ ಪಾಲಿಗೆ ಇಲ್ಲವೇ ಇಲ್ಲದ ಕಡೆಗೆ ಹೊರಳಿ ಅವಳ ಮುಖದ ಮೇಲೆ ನಿಂತಿತು.

"ಯಾವಾಗ ಬಂದ್ಯೇ?" ಅಂದೆ ನೀನು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ್ಲೇ ಬಂದೆ ಕಣ್ರೀ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿದಳು. ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಇಷ್ಟು ದಿನ ಪಕ್ಕದಲ್ಲಿದ್ರೂ ಕಾಣ್ಲಿಲ್ಲ ಅಂತ ಗೊತ್ತಾದ್ರೆ ಹೆದರ್ಕೊಂತಾರೆ. ಹೇಳಿದ್ರೆ ನೋಡು ಮತ್ತೆ" ಅಂದಳು. ಹೇಳುತ್ತಾ ಹೇಳುತ್ತಾ ಅತ್ತಳು, ಹಾಗೇ ನಕ್ಕಳು.

ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಕೇಳಿದರು. ಸಿಟ್ಟು, ಭಯ, ಅಕ್ಕರೆ ಇವುಗಳಿಗೆ ಮಿದುಳಿನ ಆಳದಲ್ಲಿ ಬೇರೆ ನೆಲೆಗಳಿವೆಯಂತೆ, ನಿನ್ನಲ್ಲಿ ಅವು ಉಳಿದುಕೊಂಡಿದ್ದವಂತೆ. "ಬರೀ ಮಾತು ದಾಟಲಾಗದ ಕಡೆಯಿಂದ ಮನಸ್ಸಿಗೆ ಬೇಕಾದವರ ಸಿಟ್ಟು ದಾಟಿ ಬರಬಹುದು. ಪ್ರತಿ ಸಲ ಹಾಗಾಗುವುದಿಲ್ಲ" ಅಂದರು. ನಿಜ, ಪ್ರತಿ ಸಲ ಆಗಲಿಲ್ಲ. ಒಂದು ಗಳಿಗೆ ಅವಳ ಕಡೆ ನೋಡುತ್ತಿದ್ದೆ, ಮತ್ತೆ ಬಲಕ್ಕೆ ಜಾರುತ್ತಿದ್ದೆ. ಅವ್ವ ಬೇಕೆಂದೇ ತೆಲುಗಿನಲ್ಲಿ ಬೈಯುತ್ತಿದ್ದಳು, ಸುಳ್ಳು ಸಿಟ್ಟಿಗೆ ನೀನು ಜಪ್ಪಯ್ಯ ಅನ್ನಲಿಲ್ಲ. ಅದು ಹೇಗೆ ಗೊತ್ತಾಗುತ್ತಿತ್ತೋ ನಿನಗೆ! ನಾವು ನೋಡುವ ಮೊದಲೇ ನಮ್ಮೊಳಗೆ ಯಾವುದೋ ಒಂದು ನೋಡಿ, ಇದು ನಮ್ಮದು, ತಿರುಗು ಅನ್ನುತ್ತದಲ್ಲ... ಅದಕ್ಕೆ ಏನು ಹೆಸರಿಡಲಿ? ಸಂತೆಯಲ್ಲಿ ನನ್ನ ಕತ್ತು ಹಿಡಿದು ತಿರುಗಿಸಿದ್ದೂ ಅದೇ ಇರಬೇಕು. ನೆನೆದಾಗೆಲ್ಲ ಕೈ ಮುಗಿಯಬೇಕು ಅನಿಸುತ್ತದೆ.

ನೀನು ಹೋದ ದಿನ, ಬಂದವರಿಗೆಲ್ಲ ಅವ್ವ ಹೇಳಿದ್ದು ಒಂದೇ ಮಾತು: "ನನ್ನ ನೋಡಿದ್ರು. ತಿರುಗಿ ನೋಡಿದ್ರು." ಅದು ಅವಳಿಗೆ ಸಾಕು. ನನಗೆ ಸಾಲದು. ಅದಕ್ಕೇ ಅವಳ ಮಾತು ಮೀರಿ ಬರೆಯುತ್ತಿದ್ದೇನೆ.

ಅವಳು ಆ ಮಧ್ಯಾಹ್ನ ಬಂದವಳಲ್ಲ, ಅಪ್ಪ. ಮೊದಲ ಸಂಜೆಯೇ ಬಂದಿದ್ದಳು, ಎದ್ದು ಹೋಗಲೇ ಇಲ್ಲ. ನೀನು "ನಿಮ್ಮವ್ವ ಎಲ್ಲಿ" ಅಂತ ಬಾಗಿಲು ನೋಡಿ ಕೇಳುತ್ತಿದ್ದೆಯಲ್ಲ, ಹಾಗೆ ಕೇಳಿದಾಗೆಲ್ಲ ನಿನ್ನ ಎಡಗೈ ಅವಳ ಕೈಯೊಳಗಿತ್ತು.