ಮೂರನೇ ಕ್ಯಾಮೆರಾ

ಮುನಿರ್ಕಾ, ದೆಹಲಿ
ಗುರುವಾರ, ೧೪ ನವೆಂಬರ್ ೨೦೨೪

ನನ್ನ ಮುದ್ದಿನ ಮಗಳು ಪ್ರಜ್ಞಾಳಿಗೆ ಅಪ್ಪನ ಆಶೀರ್ವಾದ.

ನೀನಿರುವ ಇಂದಿರಾಪುರಂ ಏನು ಪರದೇಶವೇ, ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ, ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು ಅಂದುಕೊ.

ನಮ್ಮ ಹೋಟೆಲಿನ ಕ್ಯಾಮೆರಾ ಸರ್ವರ್ ಕೆಟ್ಟಾಗಲೆಲ್ಲ ಆ ಕಿಶನ್ ಭಯ್ಯಾ ನಾಳೆ ಬಂದೆ, ನಾಳೆ ಬಂದೆ ಎಂದು ವಾರ ತಳ್ಳುತ್ತಿದ್ದ. ನಾನೇ ಕಲಿಯುತ್ತೇನೆ ಎಂದಾಗ ನಿನ್ನ ತಮ್ಮ ಸುಮಿತ್ ನಕ್ಕ. ನೀನು ನಗಲಿಲ್ಲ. ಎಂಟನೇ ಕ್ಲಾಸಿಗೇ ದೋಸೆ ಕಾವಲಿ ಹಿಡಿದವನಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಪ್ರತಿ ಭಾನುವಾರ ಫೋನಿನಲ್ಲೇ ಪಾಠ ಹೇಳಿಕೊಟ್ಟೆ. ಐಪಿ ಅಂದರೆ ಮನೆ ನಂಬರು, ಪೋರ್ಟ್ ಅಂದರೆ ಬಾಗಿಲು. ಟಿಸಿಪಿಯಲ್ಲಿ ಮಾತಿಗೆ ಮೊದಲು ಒಬ್ಬ ಕೂಗಬೇಕು, ಇನ್ನೊಬ್ಬ ಓಗೊಡಬೇಕು, ಮೊದಲಿನವ ಕೇಳಿಸಿತು ಎನ್ನಬೇಕು. ಆಮೇಲಿಂದ ನಮ್ಮ ಫೋನು ಶುರುವಾಗುತ್ತಿದ್ದದ್ದೇ ಹಾಗೆ. ಕೇಳ್ತಾ ಅಪ್ಪಾ ಅಂತ ನೀನು, ಕೇಳ್ತು ಮಗಾ, ನಿಂಗೆ ಅಂತ ನಾನು.

ಪಿಂಗ್ ಮಾಡುವುದನ್ನು, ಅಂದರೆ ಆ ಕಡೆಯ ಯಂತ್ರ ಓಗೊಡುತ್ತದೆಯೇ ಎಂದು ಕೂಗಿ ನೋಡುವುದನ್ನು ಕಲಿಯಲು ನಿನ್ನ ಮನೆಯ ಐಪಿಯನ್ನೇ ಬರೆಸಿದ್ದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ, ಪಕ್ಕದಲ್ಲಿ ನನ್ನ ಅರಿಸಿನದ ಬೆರಳಚ್ಚು.

ಮಂಗಳವಾರ ಸಂಜೆ ಐದಕ್ಕೆ ಯಾವುದೋ ಕೆಲಸಕ್ಕೆಂದು ಸರ್ವರ್ ತೆರೆದೆ. ಯಾರು ಬಂದರು, ಹೋದರು ಎಂದು ಬರೆದಿಡುವ ಲಾಗ್‌ನಲ್ಲಿ ನೋಡಿದರೆ, ದಿನವೂ ಸಂಜೆ ಏಳು ಗಂಟೆಗೆ ಒಂದೇ ಐಪಿಯಿಂದ ಯಾರೋ ಬಂದು ಮೂರನೇ ಕ್ಯಾಮೆರಾದ ದೃಶ್ಯ ಒಯ್ದಿದ್ದಾರೆ. ಗಲ್ಲಾದ್ದಲ್ಲ, ಬಾಗಿಲಿನದ್ದಲ್ಲ. ನಾನು ನಿಲ್ಲುವ ಕಾವಲಿಯದ್ದು. ಕಳ್ಳ ಸಿಕ್ಕ ಎಂದು ಹಿಗ್ಗಿ ನೋಟ್‌ಬುಕ್ ತೆಗೆದೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನಾಲ್ಕು ಸಲ ಹೋಲಿಸಿದೆ, ಪ್ರಜ್ಞಾ.

ಸುಮಿತ್‌ನನ್ನು ಹಿಡಿದು ಕೇಳಿದೆ. ಅವನು ನೆಲ ನೋಡುತ್ತಾ ಬಾಯಿಬಿಟ್ಟ. ಅಕ್ಕ ಇಪ್ಪತ್ತು ಕ್ಲಿಪ್ ಕಳಿಸಿದ್ದಾಳೆ, ನಿಮ್ಮ ಕೈ ನಡುಗುತ್ತೆ ಅಪ್ಪಾ, ಡಾಕ್ಟರಿಗೂ ತೋರಿಸಿದ್ವಿ, ಹೊಸ ವರ್ಷದಿಂದ ನೀವು ಕಾವಲಿ ಹತ್ರ ಬರೋದು ಬೇಡ, ಚಲೋ, ಈಗ ಗೊತ್ತಾಯ್ತಲ್ಲ ಅಂದ.

ನಡುಗುವ ಕೈಯನ್ನು ಮಗಳು ನೋಡಿದಳೆಂದು ನನಗೆ ನೋವಿಲ್ಲ. ಹೋದ ಭಾನುವಾರ ಹೇಗಿದ್ದೀರಿ ಎಂದು ನೀನು ಕೇಳಿದೆ. ಚೆನ್ನಾಗಿದ್ದೇನೆ ಎಂದೆ ನಾನು. ಎಲ್ಲ ನೋಡಿ ಗೊತ್ತಿದ್ದೂ ಅಚ್ಛಾ ಎಂದು ಪಾಠ ಮುಂದುವರಿಸಿದೆಯಲ್ಲ, ಅದು ನೋವು. ದಿನಾ ಲಾಗ್ ಓದಿ ಅಪ್ಪಾ ಎಂದು ಹೇಳಿಕೊಟ್ಟವಳೂ ನೀನೇ. ಮುದುಕ ಎಲ್ಲಿ ಓದುತ್ತಾನೆ ಅಂದುಕೊಂಡೆಯಾ?

ಅಂದಿನ ಪಾಠ ಫೈರ್‌ವಾಲ್‌ನದ್ದು. ಅದೇ ಪಾಠದಂತೆ ನಿನ್ನ ಐಪಿಗೆ ಬಾಗಿಲು ಹಾಕಿದ್ದೇನೆ. ಇನ್ನು ನೋಡಬೇಕೆನಿಸಿದರೆ ಮೆಟ್ರೋ ಹತ್ತಿ ಬಾ, ಕಾವಲಿಯ ಪಕ್ಕ ನಿಂತು ನೋಡು. ಬೇಡ ಎನ್ನುವುದಿದ್ದರೆ ಅಲ್ಲೇ ನನ್ನ ಮುಖಕ್ಕೆ ಹೇಳು.

ಇಂತಿ,
ನಿನ್ನ ಅಪ್ಪ
ಜಯಾನಂದ

ತಾ.ಕ.: ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕರ ದೃಶ್ಯ ಸರ್ವರ್‌ನಲ್ಲಿ ಇಲ್ಲ. ಐದಕ್ಕೆ ಕೂತಿದ್ದು ಅದನ್ನು ಅಳಿಸಲಿಕ್ಕೇ. ಸುಮಿತ್‌ಗೆ ಗೊತ್ತಿಲ್ಲ, ಉದ್ದ ತೋಳಿನ ಅಂಗಿ ಹಾಕಿದ್ದೇನೆ. ಇದನ್ನು ಎಡಗೈಯಲ್ಲಿ ಬರೆದೆ. ಬರುವಾಗ ಸುಟ್ಟ ಗಾಯದ ಮುಲಾಮು ತಾ, ದೊಡ್ಡ ಟ್ಯೂಬು.