ಸಾಹೇಬನ ಗಿಟಾರಿಗೆ ನಾನು ಹೊಡೆದ ಬಣ್ಣ

ಗೆಳೆಯ ಶರಣ್ಯಾ,

ಕ್ಷೇಮ ಸಮಾಚಾರದ ಕಾಗದವಲ್ಲ ಇದು. ನೀನು ಹೋಗಿ ವರ್ಷವಾಗುತ್ತ ಬಂತು. ಇಷ್ಟು ದಿನ ನಿನ್ನ ನೆನಪಾದರೆ ಅಳು ಬರುತ್ತಿತ್ತು, ಮೂರು ದಿನದಿಂದ ಸಿಟ್ಟು ಬರುತ್ತಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇಪ್ಪತ್ತು ವರ್ಷ ಆಳಂದದಲ್ಲಿ ಬೋರ್ಡು ಬರೆದವನು, ಇವತ್ತು ಬೆಳಿಗ್ಗೆ ಒಂದು ಕಿರಾಣಿ ಅಂಗಡಿಯ ಹೆಸರಿನಲ್ಲಿ ಅಕ್ಷರವನ್ನೇ ನುಂಗಿಬಿಟ್ಟೆ. ಈ ವಿಷಯ ನಿನ್ನೊಬ್ಬನಿಗೇ ಹೇಳುವಂಥದ್ದು, ನೋಡಿದರೆ ನೀನೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮುಂಬೈಯ ಮಿಲ್ಲಿನ ಕೆಲಸ ಬಿಟ್ಟು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನೇ ನಿನ್ನ ಟ್ರಂಕು ಇಳಿಸಿಕೊಂಡೆ. ಆದರೆ ಹೆಗಲಲ್ಲಿದ್ದ ಆ ಉದ್ದನೆ ರೆಕ್ಸಿನ್ ಚೀಲವನ್ನು ಮಾತ್ರ ನೀನು ಮುಟ್ಟಗೊಡಲಿಲ್ಲ. "ಕೈ ಹಚ್ಚಬ್ಯಾಡ್ಲೇ, ಸಾಹೇಬನ ಗಿಟಾರ ಅದು" ಅಂದೆ. ಯಾವ ಸಾಹೇಬ ಅಂತ ಕೇಳಿದರೆ, ವಿಲಾಯತಿಯ ದೊಡ್ಡ ರಾಕ್ ಗಿಟಾರಿಸ್ಟ್, ಮುಂಬೈಗೆ ಬಂದಾಗ ಒಂದು ಹೋಟೆಲಿನಲ್ಲಿ ನುಡಿಸಿ, ಈ ಗಿಟಾರನ್ನು ಅಲ್ಲಿಯ ಬ್ಯಾಂಡ್ ಮಾಸ್ತರನಿಗೆ ಕೊಟ್ಟುಹೋದನಂತೆ. ಆ ಮಾಸ್ತರ ನಿನಗೆ ಕಲಿಸಿ, ಕಣ್ಣು ಮಂಜಾದ ಮೇಲೆ ಅದನ್ನು ನಿನಗೇ ಕೊಟ್ಟನಂತೆ. ಸಾಹೇಬನ ಹೆಸರು ನಮ್ಮ ನಾಲಿಗೆಗೆ ಹೊರಳಲೇ ಇಲ್ಲ, ನಮಗೆಲ್ಲ ಅವನು ಬರೀ ಸಾಹೇಬನಾಗಿಯೇ ಉಳಿದ.

ಜೇವರ್ಗಿಯ ಆ ಮದುವೆ ನೆನಪಿದೆಯಾ? ಅಕ್ಕಿಕಾಳು ಬಿದ್ದು, ಮಂದಿ ಊಟಕ್ಕೆ ಏಳುವ ಹೊತ್ತು. ನೀನು ಬಂದು ಸೇರಿದ್ದ ನಮ್ಮೂರ ಆರ್ಕೆಸ್ಟ್ರಾದ ಹುಡುಗಿ ಹಾಡುತ್ತಿದ್ದಾಗಲೇ ಕರೆಂಟು ಹೋಯಿತು. ಡ್ರಮ್ಮಿನವ ಬಿಡದೆ ಬಾರಿಸುತ್ತಿದ್ದ. ಕರೆಂಟಿನ ಮೇಲೆ ನಡೆಯುವ ನಿನ್ನ ಗಿಟಾರು ಮಾತ್ರ ಸೊಳ್ಳೆಯಷ್ಟೂ ಕೇಳದು. ಆದರೂ ನೀನು ಕಣ್ಣು ಮುಚ್ಚಿ ಪೂರ್ತಿ ನುಡಿಸಿದೆ. ಮುಂದೆ ಕೂತಿದ್ದ ಮುದುಕಿ, "ಪಾಪ, ಇವನ ಪೆಟಿಗಿಗಿ ದನೀನೇ ಇಲ್ಲ" ಅಂದಾಗ ನೀನು ಎರಡು ದಿನ ಊಟ ಬಿಟ್ಟವನ ಹಾಗೆ ಮುಖ ಮಾಡಿಕೊಂಡೆ. ಅಂಥ ಮಾನಿ ನೀನು. ಅದು ಗೊತ್ತಿದ್ದೂ ನನಗೆ ಮುಂದಿನದೇಕೆ ಹೊಳೆಯಲಿಲ್ಲವೋ.

ಎರಡು ವರ್ಷದ ಮೇಲೆ ಯಾರೋ ಇಂಗ್ಲಿಷ್ ಮ್ಯಾಗಝಿನ್ನಿನ ಒಂದು ಹಾಳೆ ತಂದುಕೊಟ್ಟರು. ಅದರ ತುಂಬ ಸಾಹೇಬನ ಹಳೆಯ ಗಿಟಾರುಗಳು, ನಡುವೆ ಒಂದರ ಆಕಾರ ನಿನ್ನದರ ಹಾಗೇ. ಆ ಫೋಟೋದಲ್ಲಿ ಸಾಹೇಬನ ಮೊಳಕೈ ಊರುವ ಜಾಗದಲ್ಲಿ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು, ತಲೆಯ ಹತ್ತಿರ ಸಿಗರೇಟು ಸುಟ್ಟ ಕಲೆ. ಅದಾಗಿ ಸ್ವಲ್ಪ ದಿನಕ್ಕೆ ನೀನು, ತಂತಿಯಷ್ಟೇ ಬಿಟ್ಟು ಗಿಟಾರಿನ ಮೈಗೂ ತಲೆಗೂ ತೊಡಿಸಿದ್ದ ರೆಕ್ಸಿನ್ ಹೊದಿಕೆ ಬಿಚ್ಚಿದೆ. ಅಲ್ಲಿಯವರೆಗೆ ನುಡಿಸುವಾಗಲೂ ಅದನ್ನು ಬಿಚ್ಚಿದವನಲ್ಲ. ಒಳಗೆ ಅದೇ ಸವಕಳಿ, ಅದೇ ಕಲೆ! ನಾವೆಲ್ಲ ಹಾಳೆ ನೋಡುವುದು, ಗಿಟಾರು ನೋಡುವುದು. ಅಫಜಲಪುರ, ಸರಸಂಬಾ, ನರೋಣಾ, ಎಲ್ಲಿ ಹೋದರೂ ಮೊದಲು ಹಾಳೆ ಸುತ್ತಿಬರುತ್ತಿತ್ತು, ಆಮೇಲೆ ಹಾಡು.

ಆ ವರ್ಷದ ಮಹಾನವಮಿಗೆ ಬರುತ್ತೇನೆ. ಬರಲೇಬೇಕಲ್ಲ. ಖಂಡೆ ಪೂಜೆಗೆ ನಮ್ಮ ಆಯುಧಗಳೆಂದು ಆರ್ಕೆಸ್ಟ್ರಾದ ಸಾಮಾನೆಲ್ಲ ನನ್ನ ಅಂಗಡಿಯಲ್ಲೇ ಸಾಲಾಗಿ ಕೂಡಿಸುವುದು ರೂಢಿ. ಹಬ್ಬದ ಮೊದಲಿನ ಹದಿನೈದು ದಿನ ನನಗೆ ಉಸಿರಾಡಲು ಪುರುಸೊತ್ತಿಲ್ಲ. ಗಾಡಿ, ಕೂರಿಗೆ, ಗಿರಣಿ, ಕಡಗಂಚಿಯವರ ಟ್ರ್ಯಾಕ್ಟರ್, ಎಲ್ಲಕ್ಕೂ ಹೊಸ ಬಣ್ಣ ಬೀಳಬೇಕು. ಬಣ್ಣ ಹೋದ ವಸ್ತುವಿಗೆ ನಮ್ಮ ಕಡೆ ಯಾರು ಕುಂಕುಮ ಇಡುತ್ತಾರೆ ಹೇಳು? ಹಬ್ಬಕ್ಕೆ ಐದು ದಿನವಿದ್ದಾಗ ನೀನು ಗಿಟಾರು ತಂದು ಬಾಗಿಲಲ್ಲಿಟ್ಟು, "ಜೇವರ್ಗಿಗಿ ಹೊಂಟೇನಿ, ಮಾವನ ಮನಿಗಿ. ಪೂಜಿ ದಿನ ಬರ್ತೇನಿ. ಚಂದ ಕಾಣ್ಬೇಕು ನೋಡ್ಲೇ ಗುರ್ಯಾ" ಅಂದು ಬಸ್ ಹತ್ತಿದೆ.

ಚಂದ ಕಾಣಬೇಕು. ಅಷ್ಟು ಸಾಕಾಯಿತು ನನಗೆ. ಎಲ್ಲ ಸಾಮಾನೂ ಮಿಂಚುವಾಗ ನನ್ನ ಗೆಳೆಯನ ಗಿಟಾರು ಬೋಳುಬೋಳಾಗಿ ಕೂರುವುದೇ? ಸವೆದಲ್ಲಿ ಪುಟ್ಟಿ ತುಂಬಿದೆ. ಸುಟ್ಟ ಕಲೆಯನ್ನೂ ಮುಚ್ಚಿದೆ. ಹಬ್ಬದ ಗಡಿಬಿಡಿ, ಅವನ್ನು ದಿಟ್ಟಿಸಿ ನೋಡಲೂ ಇಲ್ಲ, ಹಾಳೆಯ ನೆನಪೂ ಆಗಲಿಲ್ಲ. ಮೇಲೆ ಕೆಂಪು ಆಯಿಲ್ ಪೇಂಟು, ಅಂಚಿಗೆ ಹಳದಿ ಗೆರೆ, ಎದೆಯ ಮೇಲೊಂದು ನವಿಲು. ಲಾರಿಯ ಹಿಂದೆ ಬರೆದ ನೂರು ನವಿಲುಗಳಲ್ಲಿ ಅಂಥದ್ದೊಂದು ನನ್ನ ಕೈಯಿಂದ ಬಂದಿರಲಿಲ್ಲ. ಅದನ್ನು ನೋಡಿ ನಾನೇ ಮೂರು ಸಲ ಹಿಂದೆ ಸರಿದು ನಿಂತೆ.

ನೀನು ಬಂದಾಗ ಆರತಿ ಮುಗಿದಿತ್ತು. ಗಿಟಾರು ನೋಡಿ ನೀನು ಕಟ್ಟೆಯ ಮೇಲೆ ಕುಳಿತೆ. ಆಮೇಲೆ ನಗಲು ಸುರುಮಾಡಿದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದೆ. ಹೈದರಾಬಾದಿನ ಪತ್ರಿಕೆಯವನೊಬ್ಬ ಬರೆದಿದ್ದ. ಹಬ್ಬ ಮುಗಿದ ವಾರ ಬರುತ್ತೇನೆ, ಗಿಟಾರಿನ ಗುರುತುಗಳನ್ನು ಫೋಟೋ ಜೊತೆ ತಾಳೆ ನೋಡುತ್ತೇನೆ, ಖರೆಯಾದರೆ ನಿಮ್ಮ ಬಗ್ಗೆ ದೊಡ್ಡದಾಗಿ ಬರೆಯುತ್ತೇನೆ ಅಂತ. ನಾನು ನವಿಲಿಗೆ ಬಟ್ಟೆ ಹಚ್ಚಿ ಒರೆಸಲು ಹೋದೆ. "ಬಿಡ್ಲೇ, ನವಿಲ ಭಾಳ ಚಂದ ಕುಂತದ" ಅಂದು ನನ್ನ ಕೈ ಒತ್ತಿದೆ ನೀನು. ಆ ಕಾಗದ ಬಂದು ಎಂಟು ದಿನವಾಗಿತ್ತು ಅಂತ ಆಮೇಲೆ ನಿನ್ನ ಹೆಂಡತಿ ಹೇಳಿದಳು. ಎಂಟು ದಿನ ಅಷ್ಟು ಖುಷಿಯ ಸುದ್ದಿಯನ್ನು ಕಿಸೆಯಲ್ಲಿಟ್ಟುಕೊಂಡು ಯಾರಾದರೂ ತಿರುಗುತ್ತಾರಾ?

ಪತ್ರಿಕೆಯವನು ಬಂದ. ಭೂತಗನ್ನಡಿ ತಂದಿದ್ದ, ನವಿಲು ನೋಡಿ ಅದನ್ನು ಚೀಲದಲ್ಲೇ ಉಳಿಸಿದ. "ಬಣ್ಣ ತೆಗೆಸಿದರೆ ಒಳಗಿನ ಗುರುತು ಸಿಗಬಹುದಲ್ಲ" ಅಂದ. ನಾನು ಆಗಲೇ ರಿಮೂವರ್ ಡಬ್ಬಿಗೆ ಕೈ ಹಾಕಿದ್ದೆ. ನೀನು ಅಡ್ಡ ಬಂದೆ. "ಬ್ಯಾಡ್ರಿ ಸರ್, ಪೂಜಿ ಆಗ್ಯಾದ. ಪೂಜಿ ಆದ ವಸ್ತು ಕೆರಿಯಾಂಗಿಲ್ರಿ." ಅವನು ಚಹಾ ಕುಡಿದು ಹೋದ. ನನ್ನ ಮಾನ ಉಳಿಸಲು ನೀನು ನಿನ್ನ ನಸೀಬನ್ನೇ ಬಿಟ್ಟುಕೊಟ್ಟೆ ಅಂತ ನಾನು ಅಂಗಡಿಯ ಹಿಂದೆ ಹೋಗಿ ಅತ್ತೆ. ಖರೆ ಹೇಳುತ್ತೇನೆ, ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಮುಂದಿನ ಒಂಬತ್ತು ವರ್ಷ ಊರೆಲ್ಲ ನನ್ನನ್ನು ಏನಂತ ಕರೆಯಿತು? ಗಿಟಾರು ಕೆಡಿಸಿದ ಪೇಂಟರ್. ಹೊಸ ಗಿರಾಕಿ ಬಂದರೆ, "ಇಂವಗ ಏನ್ ಹೊಡೀಬೇಕು, ಏನ್ ಬಿಡಬೇಕು ಗೊತ್ತಾಗಂಗಿಲ್ರಿ" ಅಂತ ಪಕ್ಕದ ಅಂಗಡಿಯವರು ನಗುತ್ತಿದ್ದರು. ನೀನೂ ಮೈಕಿನಲ್ಲಿ, "ಗುರುತು ನಮ್ಮ ಪೇಂಟರ್ ಮುಚ್ಯಾನ, ಆದ್ರ ಗಿಟಾರ ಸಾಹೇಬಂದೇ" ಅನ್ನುತ್ತಿದ್ದೆ. ಮಂದಿ ನಕ್ಕರೆ ನಾನೂ ನಗುತ್ತಿದ್ದೆ. ನಿನ್ನ ಋಣ ಹೇಗಾದರೂ ತೀರಲಿ ಅಂತ ಹೋದಲ್ಲೆಲ್ಲ ನಿನ್ನ ಸ್ಪೀಕರ್ ಪೆಟ್ಟಿಗೆ ಹೊತ್ತೆ. ಅದೇ ಪೆಟ್ಟಿಗೆಯಿಂದ ನನ್ನ ಸೊಂಟ ಹೋಯಿತು, ಗೊತ್ತಾ ನಿನಗೆ?

ಹೋದ ವಾರ ನಿನ್ನ ಮಗಳು ಸುನಂದಾ ಗಿಟಾರು ಹೊತ್ತು ಅಂಗಡಿಗೆ ಬಂದಳು. ಕಾಲೇಜು ಸೇರಿದ್ದಾಳೆ, ನಿನ್ನದೇ ಗದ್ದ, ನಿನ್ನದೇ ಹಟ. ಆ ಪತ್ರಿಕೆಯವನಿಗೆ ನೀನು ಹೋದ ಸುದ್ದಿ ತಿಳಿದು, ಬಣ್ಣ ತೆಗೆಸಿದರೆ ಮತ್ತೆ ಬರುತ್ತೇನೆ ಅಂತ ಬರೆದಿದ್ದಾನೆ. "ಕಾಕಾ, ನೀವು ಪುಟ್ಟಿ ತುಂಬೀರಿ ಅಷ್ಟೇ ಅಲ್ರಿ, ಗುರುತು ಒಳಗ ಇರಬೇಕಲ್ರಿ? ಅಪ್ಪನ ಹೆಸರು ಪೇಪರಿನ್ಯಾಗ ಬರ್ತದ" ಅಂದಳು. ನಾನು ಕುಣಿದುಬಿಟ್ಟೆ. ಪೂಜೆಯ ಮಾತು ಕೇಳಿ ಇಷ್ಟು ವರ್ಷ ಯಾಕಾದರೂ ಕೈ ಕಟ್ಟಿ ಕೂತೆನೋ! ಇವತ್ತಲ್ಲ ನಾಳೆ ನನ್ನ ಕಪ್ಪು ಮಸಿಯೂ ತೊಳೆದುಹೋಗುತ್ತದೆ ಅಂದುಕೊಂಡೆ.

ಮೂರು ದಿನದ ಹಿಂದೆ ಕೆಲಸಕ್ಕೆ ಕೂತು, ಮೊದಲು ತಲೆಯ ಕಡೆ ರಿಮೂವರ್ ಹಚ್ಚಿದೆ. ಬಣ್ಣ ಉಬ್ಬಿ ಎದ್ದಿತು, ಪುಟ್ಟಿ ಕೆರೆದೆ. ಕಲೆ ಸಿಕ್ಕಿತು. ಸಿಗರೇಟಿನದಲ್ಲ ಶರಣ್ಯಾ. ಕಾಯಿಸಿದ ಮೊಳೆಯ ತಲೆ ಒತ್ತಿದ ಗುಂಡನೆ ಬರೆ. ಮೊಳಕೈಯ ಜಾಗ ಕೆರೆದೆ. ಮೈ ತಾಗಿ ತಾಗಿ ಸವೆದ ಬಣ್ಣದ ಅಂಚು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬಾಗಿಲ ಚಿಲಕದ ಸುತ್ತ ದಿನಾ ನೋಡುತ್ತೇನೆ, ಅದು ನುಣ್ಣಗೆ ತೆಳುವಾಗುತ್ತ ಹೋಗುತ್ತದೆ. ಇಲ್ಲಿ ಇದ್ದದ್ದು ಗೀರು. ಒಂದೇ ದಿಕ್ಕಿನ, ಸಾಲುಸಾಲು ಗೀರು. ಸ್ಯಾಂಡ್ ಪೇಪರಿನವು. ಆ ಮ್ಯಾಗಝಿನ್ ಹಾಳೆ ಬಂದ ವಾರ ನೀನು ನನ್ನ ಅಂಗಡಿಯಿಂದ ಎರಡು ಸ್ಯಾಂಡ್ ಪೇಪರ್ ಒಯ್ದಿದ್ದೆ, "ಬಾಗಲಕ್ಕ ಬೇಕಾಗ್ಯಾದ" ಅಂತ. ನಿನ್ನ ಮನೆಯ ಬಾಗಿಲು ಇವತ್ತಿಗೂ ಬಣ್ಣ ಕಂಡಿಲ್ಲ.

ಮಾಸ್ತರ ಹೇಳಿದ್ದನ್ನು ನೀನು ನಂಬಿದ್ದೆ, ಅಷ್ಟು ನನಗೆ ಗೊತ್ತು. ಹಾಳೆ ಬಂದು, ನಿನ್ನ ಗಿಟಾರಿನ ಮೇಲೆ ಆ ಗುರುತೇ ಇಲ್ಲ ಅಂತ ಕಂಡಾಗ ನೀನೇ ಕೂತು ಅವನ್ನು ಮಾಡಿಕೊಂಡೆ. ಅದನ್ನು ನಾನು ಮಾಫ್ ಮಾಡುತ್ತೇನೆ. ಆದರೆ ನನಗೊಂದು ಮಾತು ಹೇಳಲಾಗುತ್ತಿರಲಿಲ್ಲವೇ? ಕೊನೆಯ ದಿನ ದವಾಖಾನೆಯಲ್ಲಿ ನನ್ನ ಕೈ ಹಿಡಿದು "ಗುರ್ಯಾ, ಆ ಗಿಟಾರ…" ಅಂದೆ, ಅಷ್ಟರಲ್ಲಿ ನರ್ಸಮ್ಮ ಬಂದರು. ಅದೇನಾ ಹೇಳಹೊರಟಿದ್ದು? ಅಥವಾ ಬಣ್ಣ ತೆಗೆಯಬೇಡ ಅಂತಲಾ?

ಇನ್ನೊಂದು ಹೇಳಬೇಕು. ಸಾಹೇಬನ ಗುರುತಿಗಿಂತ ನಾಲ್ಕು ಬೆರಳು ಕೆಳಗೆ, ನನ್ನ ನವಿಲಿನ ಗರಿಯೇ ಅಳಿಸಿಹೋಗಿತ್ತು. ಒಂಬತ್ತು ವರ್ಷ ನಿನ್ನ ಮೊಳಕೈ ಊರಿದ ಜಾಗ. ಅಂಚು ನುಣ್ಣಗಿತ್ತು. ಅದರ ಮೇಲೆ ನನ್ನ ಕೈ ಎಷ್ಟು ಹೊತ್ತು ಇತ್ತೋ, ರಿಮೂವರ್ ಹಚ್ಚಿದ ಕಡೆ ಬಣ್ಣ ಒಣಗಿ ಮತ್ತೆ ಗಟ್ಟಿಯಾಯಿತು.

ಸುನಂದಾ ಅದೇ ದಿನ ಸಂಜೆ ಐದಕ್ಕೆ ಬರುತ್ತೇನೆ ಅಂದಿದ್ದಳು. ಬಾಯಿ ಬಿಟ್ಟರೆ ಒಂಬತ್ತು ವರ್ಷದ ನನ್ನ ಹೆಸರು ಸ್ವಚ್ಛವಾಗುತ್ತದೆ. ನಾಲ್ಕೂವರೆಯವರೆಗೆ ಅಂಗಡಿಯಲ್ಲಿ ಅತ್ತಿಂದಿತ್ತ ತಿರುಗಿದೆ. ಆಮೇಲೆ ಸ್ಯಾಂಡ್ ಪೇಪರ್ ತೆಗೆದುಕೊಂಡು ನೀನು ಮಾಡಿದ ಗೀರು, ಬರೆ, ಎಲ್ಲವನ್ನೂ ಉಜ್ಜಿ ಸಪಾಟು ಮಾಡಿದೆ. ಗರಿ ಅಳಿಸಿದ ನವಿಲನ್ನು ಮಾತ್ರ ಬಿಟ್ಟೆ.

"ಗುರುತು ಸಿಕ್ಕೂವೇನ್ರಿ ಕಾಕಾ?" ಅಂತ ಬಂದಳು.

"ಇಲ್ಲವ್ವ. ಅವತ್ತ ಪುಟ್ಟಿ ತುಂಬೂದಕ್ಕಿಂತ ಮೊದ್ಲು ನಾನೇ ಪೂರಾ ಉಜ್ಜಿಬಿಟ್ಟಿದ್ದೆ. ಮರ್ತಿದ್ದೆ. ಇದೊಂದು ಉಳದದ ನೋಡು, ಇದು ನಿಮ್ಮಪ್ಪಂದು."

ಅವಳು ನವಿಲಿನ ಕಡೆ ನೋಡಲೂ ಇಲ್ಲ. "ಅಪ್ಪಂದು ಮನ್ಯಾಗ ಬೇಕಾದಷ್ಟವರಿ. ಸಾಹೇಬಂದು ಬೇಕಾಗಿತ್ತು" ಅಂದಳು. ಬಾಗಿಲ ತನಕ ಹೋಗಿ ತಿರುಗಿ, "ನಿಮ್ಮಿಂದನೇ ನಮ್ಮಪ್ಪ ಹಿಂಗ ಹೆಸರಿಲ್ಲದಂಗ ಹ್ವಾದ್ರಿ" ಅಂದಳು. ಅದು ನಾಟಿತು ಶರಣ್ಯಾ. ಮೊದಲಿನ ಒಂಬತ್ತು ವರ್ಷಕ್ಕಿಂತ ಹೆಚ್ಚು ನಾಟಿತು, ಯಾಕೆಂದರೆ ಈಗ ಅದು ಸುಳ್ಳು ಅಂತ ನನಗೆ ಗೊತ್ತು. ಎದುರಿಗೆ ಬಂದರೆ ಅವಳೀಗ ರಸ್ತೆ ದಾಟಿ ಹೋಗುತ್ತಾಳೆ. ಆದರೆ ನಿಮ್ಮ ಓಣಿಯಲ್ಲಿ ನಿನ್ನೆ ಗಿಟಾರಿನ ಸದ್ದು ಕೇಳಿದೆ. ಕಲಿಯುತ್ತಿದ್ದಾಳೆ. ನಿನ್ನಷ್ಟೇ ತಪ್ಪು ನುಡಿಸುತ್ತಾಳೆ.

ನಾನು ನಿನ್ನಲ್ಲಿಗೆ ಬಂದ ದಿನ ಕೂರು ಅನ್ನುವ ಮೊದಲು ನೀನು ಒಂದಕ್ಕೆ ಜವಾಬು ಕೊಡಬೇಕು. ಪತ್ರಿಕೆಯವನ ಕಾಗದ ಕಿಸೆಯಲ್ಲಿಟ್ಟುಕೊಂಡು, ಮಹಾನವಮಿಗೆ ನಾನು ಸಿಕ್ಕಿದ್ದಕ್ಕೆಲ್ಲ ಬಣ್ಣ ಹೊಡೆಯುವವನು ಅಂತ ಗೊತ್ತಿದ್ದೂ, ಚಂದ ಕಾಣಬೇಕು ಅಂದು ಬಸ್ ಹತ್ತಿದೆಯಲ್ಲ, ಅದು ಬೇಕೆಂತಲೇ ಮಾಡಿದ್ದಾ? ಹೌದು ಅಂದರೆ ಕಪಾಳಕ್ಕೆ ಬಿಗಿಯುತ್ತೇನೆ. ಅಲ್ಲ ಅಂದರೆ ನಂಬುತ್ತೇನೋ ಇಲ್ಲವೋ, ಗೊತ್ತಿಲ್ಲ.

ಹೈದರಾಬಾದಿನವನಿಗೆ ಇವತ್ತೇ ಕಾಗದ ಹಾಕಿ ಬಂದೆ. ಬರುವುದು ಬೇಡ, ಗುರುತುಗಳನ್ನೆಲ್ಲ ಅವತ್ತೇ ನನ್ನ ಕೈಯಾರೆ ಅಳಿಸಿದ್ದೇನೆ, ತಪ್ಪು ನನ್ನದು ಅಂತ ಬರೆದು ಸಹಿ ಮಾಡಿದೆ. ಇನ್ನು ಯಾರೂ ಆ ಗಿಟಾರನ್ನು ಕೆರೆಯುವುದಿಲ್ಲ. ನೀನು ಆರಾಮ ಇರು. ನಾನು ಆರಾಮಿಲ್ಲ.

ನಿನ್ನ,
ಗುರ್ಯಾ